ಕಾಲುವೆ ಇನ್ನೂ ಮೇಲಿದೆ

ಯುದ್ಧದ ಕಾನೂನು ಎಂಬ ವಿಷಯ ದಿಲ್ಲಿ-ಜಿನೀವಾಗಳ ದೊಡ್ಡವರ ಸೊತ್ತಲ್ಲ, ಅದು ನಮ್ಮ ಓಣಿಯ ಮಾತೂ ಹೌದು ಎಂದು ಸೊಲ್ಲಾಪುರದಂಥ ಚಾದರಿನ ಊರಿನಲ್ಲಿ, ಮರಾಠಿ ಪುಸ್ತಕ ಹಿಡಿದು, ಕನ್ನಡ ಮನೆಮಾತಿನ ಮಕ್ಕಳಿಗೂ ತಿಳಿಯುವಂತೆ ಒಂದು ಜೀವಮಾನವಿಡೀ ಕಲಿಸಿದ ಪ್ರಾಧ್ಯಾಪಕಿ ಡಾ. ಅಕ್ಕನಾಗಮ್ಮ ಪಾಟೀಲರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಈಚಿನ ವರ್ಷಗಳಲ್ಲಿ ಅವರ ಅಧ್ಯಯನವೆಲ್ಲ ಒಂದೇ ಪ್ರಶ್ನೆಯ ಸುತ್ತ ನಿಂತಿತ್ತು. ಒಂದು ದೇಶ ತನ್ನ ನೆಲದಲ್ಲೇ ಕುಳಿತು ಇನ್ನೊಂದು ದೇಶದ ಕಂಪ್ಯೂಟರುಗಳೊಳಗೆ ನುಗ್ಗಿ ದೀಪ ಆರಿಸಿದರೆ, ನೀರು ನಿಲ್ಲಿಸಿದರೆ, ಆಸ್ಪತ್ರೆಯ ಯಂತ್ರ ಕೆಡಿಸಿದರೆ ಅದನ್ನು ಯುದ್ಧವೆನ್ನಬೇಕೇ, ಬೇಡವೇ? ಈ ಕುರಿತು ಅವರು ಬರೆದ ಪ್ರಬಂಧಗಳ ಮೌಲ್ಯವನ್ನು ಈ ಅಭಿನಂದನ ಸಂಪುಟದಲ್ಲಿ ವಿದ್ವಾಂಸರು ಅಳೆಯಲಿದ್ದಾರೆ. ನನ್ನ ಪಾಲಿಗೆ ಉಳಿದಿರುವುದು ಅಡಿಟಿಪ್ಪಣಿಗಳಲ್ಲಿ ಹಿಡಿಸದ ಸಂಗತಿ. ಸಂಪಾದಕರು ‘ವಸ್ತುನಿಷ್ಠವಾಗಿ ಬರೆಯಿರಿ’ ಎಂದು ಎಚ್ಚರಿಸಿದ್ದಾರೆ. ಪಾಟೀಲರ ವಿದ್ಯಾರ್ಥಿಯಾಗಿ, ಆಮೇಲೆ ಅದೇ ವಿಭಾಗದಲ್ಲಿ ಅವರ ಪಕ್ಕದ ಕುರ್ಚಿಯವನಾಗಿ ಬಾಳಿದ ನನ್ನಿಂದ ಅದು ಆಗುವ ಮಾತಲ್ಲ.

ಮರಾಠಿ ಮಕ್ಕಳು ಅವರನ್ನು ಮ್ಯಾಡಮ್ ಎನ್ನುತ್ತಿದ್ದರು. ನಾವು ಕನ್ನಡದವರು ನಮ್ಮ ಕಡೆಯ ರೂಢಿಯಂತೆ ‘ಅಕ್ಕಾರು’ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅಕ್ಕಾರು ಹುಟ್ಟಿದ್ದು ಅಕ್ಕಲಕೋಟ ತಾಲೂಕಿನ ಹನ್ನೂರಿನ ಒಕ್ಕಲುತನದ ಮನೆಯಲ್ಲಿ. ಸಾಲೆಯ ಸೂಟಿಗೆ ಹೋಗುತ್ತಿದ್ದುದು ಬೋರಿ ನದಿಯ ಕುರನೂರ ಅಣೆಕಟ್ಟಿನ ಕೆಳಗೆ ಹೊಲವಿದ್ದ ಸೋದರಮಾವ ಭೀಮಣ್ಣನವರ ಮನೆಗೆ. ಅಲ್ಲಿ ಕಾಲುವೆಯ ನೀರು ಪಾಳಿಯ ಪ್ರಕಾರ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಬರುತ್ತದೆ. ಒಂದು ಬೇಸಿಗೆ ಭೀಮಣ್ಣನವರ ಪಾಳಿಯ ದಿನ ನೀರು ಬರಲಿಲ್ಲ. ಮೇಲಿನ ಹೊಲದ ಖಂಡಪ್ಪನೇ ತಿರುಗಿಸಿಕೊಂಡಿದ್ದಾನೆಂದು ಅವರು ಹಿಂದುಮುಂದು ನೋಡದೆ ಬಡಿಗೆ ಹಿಡಿದು ಹೋದರು. ಬುತ್ತಿ ಹೊತ್ತು ಹಿಂದೆ ಓಡಿದ ಹುಡುಗಿ ಅಕ್ಕನಾಗಮ್ಮನ ಕಣ್ಣೆದುರೇ ಖಂಡಪ್ಪನ ಬಲಗೈ ಮುರಿಯಿತು. ಆಮೇಲೆ ಊರವರು ಕಾಲುವೆಯ ಗುಂಟ ನಡೆದು ನೋಡಿದರೆ ಖಂಡಪ್ಪನ ಹೊಲಕ್ಕೂ ನೀರಿಲ್ಲ. ಇನ್ನೂ ಮೇಲೆ, ಯಾರದೂ ಅಲ್ಲದ ಜಾಗದಲ್ಲಿ, ಏಡಿಗಳು ಒಡ್ಡನ್ನು ತೂತು ಮಾಡಿ ನೀರನ್ನು ಹಳ್ಳಕ್ಕೆ ಬಿಟ್ಟಿದ್ದವು.

ಅಂದಿನಿಂದ ಆ ಕಾಲುವೆಯ ಮೇಲಿನವರು ಒಂದು ಕಟ್ಟಳೆ ಮಾಡಿಕೊಂಡರು. ನೀರು ನಿಂತರೆ ಬೈಯುವ ಮೊದಲು, ಬೈಯುವವನೂ ಬೈಸಿಕೊಳ್ಳುವವನೂ ಜೊತೆಗೂಡಿ, ಒಣಗಿದ ಹೊಲದಿಂದ ಮೇಲಕ್ಕೆ ನಡೆಯಬೇಕು. ಒಡಕು ಕಂಡಲ್ಲಿ ಅದು ಯಾರ ಹೊಲದ್ದೇ ಆಗಲಿ, ಹುಡುಕಿಕೊಂಡು ಹೊರಟವನೇ ಮೊದಲ ಬುಟ್ಟಿ ಮಣ್ಣು ಹಾಕಬೇಕು. ಅಲ್ಲಿಗೇ ನಿಲ್ಲದೆ ತೂಬಿನವರೆಗೂ ಹೋಗಿ ನೋಡಿಬರಬೇಕು. ಖಂಡಪ್ಪನ ಕೈ ಮಾತ್ರ ನೆಟ್ಟಗಾಗಲಿಲ್ಲ. ಅಕ್ಕಾರ ಮದುವೆಯಲ್ಲಿ ಆತ ಆ ಸೊಟ್ಟಗೈಯಿಂದಲೇ ಅಕ್ಷತೆ ಹಾಕಿದನಂತೆ. “ಕಾಯ್ದೆ ಓದಬೇಕಂತ ನನಗ ಹೇಳಿದ್ದು ಯಾವ ಪುಸ್ತಕಾನೂ ಅಲ್ಲಪಾ, ಖಂಡಪ್ಪ ಮಾಮಾನ ಕೈ” ಎಂದು ಅಕ್ಕಾರು ಹೇಳುತ್ತಿದ್ದರು.

ನಾನು ಅವರ ತರಗತಿಗೆ ಬಂದದ್ದು ಬಿಸಿರಕ್ತದ ಹುಡುಗನಾಗಿ. ಬಿಸಿ ಇನ್ನೂ ಪೂರ್ತಿ ಆರಿಲ್ಲವೆಂದು ಮನೆಯವರು ಹೇಳುತ್ತಾರೆ. ನವಿ ಪೇಠದ ಬಟ್ಟೆ ಅಂಗಡಿಯ ಮಗನೆಂದು ತಿಳಿದದ್ದೇ ತಡ, ಅವರು ಪಾಠವನ್ನೆಲ್ಲ ನಮ್ಮ ಪೇಠೆಗೇ ತಂದಿಟ್ಟರು. ಎದುರಂಗಡಿಯವನು ನಿಮ್ಮ ದರ ಕದ್ದು ನೋಡಿದ, ಅದು ಜಗಳವೇ? ನಿಮ್ಮ ಬಾಗಿಲಿಗೆ ತನ್ನ ಕೀಲಿ ಜಡಿದ, ಅದು? ಒಳಗೆ ನಿಮ್ಮಪ್ಪ ಇದ್ದಾರೆಂದು ಗೊತ್ತಿದ್ದೂ ಜಡಿದ, ಆಗ? ಬೇಹುಗಾರಿಕೆ, ಬಲಪ್ರಯೋಗ, ಸಶಸ್ತ್ರ ದಾಳಿ ಎಂದು ಕಾನೂನು ಬೇರೆಬೇರೆ ಹೆಸರಿಟ್ಟು ಕರೆಯುವ ಮೆಟ್ಟಿಲುಗಳನ್ನು ನಾವು ಹಾಗೆ ಹತ್ತಿದೆವು. ಹೊಡೆದವನಿಗೆ ತಿರುಗಿ ಹೊಡೆಯಬೇಕು, ಮೆಟ್ಟಿಲು ಎಣಿಸುತ್ತ ಕೂರುವುದು ಕೈಲಾಗದವರ ಕೆಲಸ ಎಂದು ನಾನು ವಾದಿಸುತ್ತಿದ್ದೆ. ಅವರು ಒಮ್ಮೆಯೂ ಗದರಲಿಲ್ಲ. “ಕೈಲಾಸ, ಹೊಡಿಯಂತಪಾ, ಆದ್ರ ಯಾರಿಗಿ?” ಎಂದು ಕೇಳಿ ನಗುತ್ತಿದ್ದರು. ಆ ನಗೆಗೆ ನನಗೆ ಬೇಕಾದಷ್ಟು ಸಿಟ್ಟು ಬರುತ್ತಿತ್ತು.

ಪದವಿ ಮುಗಿದ ಮೇಲೆ ನಮ್ಮ ತಂದೆ ಅಣ್ಣಾರಾಯರು ‘ಓದು ಸಾಕು, ಅಂಗಡಿಯ ಗಾದಿ ಹಿಡಿ’ ಎಂದರು. ಸುದ್ದಿ ತಿಳಿದ ಅಕ್ಕಾರು ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಗಾದಿಯ ಮೇಲೆ ಕುಳಿತು, ಒಂದು ಕುಪ್ಪಸದ ಖಣ ತೆಗೆಸಿ ಚೌಕಾಶಿ ಶುರುಮಾಡಿದರು. ಚಹಾ ಬಂತು, ಮತ್ತೆ ಚಹಾ ಬಂತು, ಖಣದ ಮಾತಿನ ನಡುನಡುವೆ ನನ್ನ ಮಾತೂ ಬಂತು. ಸಂಜೆಯ ಹೊತ್ತಿಗೆ ತಂದೆಯವರು ಖಣದ ದರ ಚೂರೂ ಇಳಿಸಲಿಲ್ಲ, ಮಗನನ್ನು ಬಿಟ್ಟುಕೊಟ್ಟರು. ನಾನು ಎಂ.ಎ. ಮಾಡಿ ಮೇಷ್ಟ್ರಾದದ್ದು ಹೀಗೆ. ಆ ಖಣದ ಕುಪ್ಪಸವನ್ನು ಅಕ್ಕಾರು ನಾನು ನೌಕರಿಗೆ ಸೇರಿದ ದಿನ ತೊಟ್ಟು ಬಂದು, “ನೋಡು, ನೀ ಎಷ್ಟ ತುಟ್ಟಿ ಬಿದ್ದಿ” ಎಂದು ಚುಡಾಯಿಸಿದರು.

ಅವರ ಮನೆ ಅಕ್ಕಲಕೋಟದಲ್ಲಿ. ದಿನಾ ಬಸ್ಸಿನಲ್ಲಿ ಬಂದುಹೋಗುವ ಅವರ ಚೀಲದಲ್ಲಿ ತಮಗೆ ಬೇಕಾದದ್ದಕ್ಕಿಂತ ಹೆಚ್ಚು ಕಡಕ ರೊಟ್ಟಿ, ಶೇಂಗಾ ಚಟ್ನಿ ಇರುತ್ತಿತ್ತು. ಹಳ್ಳಿಯಿಂದ ಉಣ್ಣದೆ ಬಂದ ಹುಡುಗಿಯರನ್ನು ಮುಖ ನೋಡಿಯೇ ಗುರುತಿಸಿ, “ಬಾರವಾ, ನನಗ ಒಬ್ಬಾಕಿಗೆ ಉಣ್ಣಾಕ ಬ್ಯಾಸರ” ಎಂದು ಕರೆದು ಕೂರಿಸಿಕೊಳ್ಳುತ್ತಿದ್ದರು. ಅವರ ಒಬ್ಬನೇ ಮಗ ಸ್ವಪ್ನಿಲ ಸೈನ್ಯಕ್ಕೆ ಸೇರಿದಾಗ ನಾವೆಲ್ಲ ಪೇಢೆ ತಿಂದೆವು. ಅಕ್ಕಾರೂ ತಿಂದರು, ಆದರೆ ಆ ವರ್ಷದಿಂದ ಯುದ್ಧದ ಕಾನೂನಿನ ಪಾಠ ಮಾಡುವಾಗ ಅವರು ಕಿಟಕಿಯತ್ತ ತಿರುಗಿ ನಿಲ್ಲುವುದು ಹೆಚ್ಚಾಯಿತು.

ಈಗ ನಾನು ಹೇಳಲೇಬೇಕೆಂದು ಕುಳಿತ ಸಂಗತಿಗೆ ಬರುತ್ತೇನೆ. ಇದನ್ನು ಬರೆಯಲೇ ಎಂದು ಕೇಳಿದಾಗ ನಮ್ಮ ತಂದೆಯವರ ತಮ್ಮ, ಈಗ ಅಂಗಡಿ ನೋಡಿಕೊಳ್ಳುವ ಕಾಕಾ ನಾಗಣ್ಣನವರು, “ಬರಿ. ಅದನ್ನ ಬಿಟ್ಟು ಅಕ್ಕಾರ ಬಗ್ಗೆ ಏನ ಬರದಂಗಾತು?” ಎಂದಿದ್ದಾರೆ.

ಎರಡು ವರ್ಷದ ಹಿಂದೆ, ಗಡಿಯಲ್ಲಿ ಮಾತು ಬಿಸಿಯೇರಿದ್ದ ಬೇಸಿಗೆಯಲ್ಲಿ, ಒಂದು ಮುಂಜಾನೆ ಊರಿಗೆ ಊರೇ ಕರೆಂಟಿಲ್ಲದೆ ನಿಂತಿತು. ವಿದ್ಯುತ್ತು ಹಂಚುವ ಕಂಪ್ಯೂಟರುಗಳೊಳಗೆ ಹೊರದೇಶದವರು ನುಗ್ಗಿದ್ದಾರೆಂದು ಫೋನುಗಳು ಸತ್ತುಹೋಗುವ ಮೊದಲೇ ಸುದ್ದಿ ಹಬ್ಬಿತು. ಯಾವ ದೇಶವೆಂದು ಸರ್ಕಾರ ಹೇಳಿರಲಿಲ್ಲ, ಆದರೆ ನಮ್ಮ ಪೇಠೆಗೆ ಅನುಮಾನವೇ ಇರಲಿಲ್ಲ. ಅಂಗಡಿಗಳ ಶಟರು ಇಳಿದವು. ವ್ಯಾಪಾರಿಗಳು ಚೌಕಿನಲ್ಲಿ ಸೇರಿ ‘ಯುದ್ಧ ಮಾಡ್ರಿ’ ಎಂದು ಕೂಗಿದರು. ಬಂದ್ ಎಂದರೆ ಓಣಿಗಳ ಬಾಯಿಗೆ ಹಮಾಲರು ನೂಕುವ ಹಾತಗಾಡಿ ಅಡ್ಡವಿಟ್ಟು ಸರಪಳಿ ಬಿಗಿದು ಬೀಗ ಜಡಿಯುವುದು ನಮ್ಮಲ್ಲಿ ಹಳೆಯ ಚಾಳಿ, ಅಂದೂ ಜಡಿದರು.

ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಅಜ್ಜಿ ರತ್ನಾಬಾಯಿ ಆಕ್ಸಿಜನ್ ಯಂತ್ರದ ಆಧಾರದಲ್ಲಿ ಮಲಗಿದ್ದರು. ಯಂತ್ರದ ಬ್ಯಾಟರಿ ಕೆಲ ಹೊತ್ತು ನಡೆದು ನಿಂತಿತು. ಸಿಲಿಂಡರಿಗೆ ಹೇಳಿ ಕಳಿಸಿಯಾಗಿತ್ತು, ಟೆಂಪೊ ಹೊರಟಿದೆಯೆಂದು ತಿಳಿದೇ ಕಾಕಾ ಚೌಕಿಗೆ ಹೋಗಿದ್ದರು. ಸಿಲಿಂಡರು ಬರುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದರು. ನಾನು ಕಾಲೇಜಿನಿಂದ ಓಡಿಬಂದಾಗ ಚಿಕ್ಕಮ್ಮ ಇನ್ನೂ ಬೀಸಣಿಗೆ ಬೀಸುತ್ತಲೇ ಇದ್ದರು. ಅದನ್ನು ಅವರ ಕೈಯಿಂದ ಬಿಡಿಸಿಕೊಳ್ಳುವುದು ನನಗೆ ಆಗಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ಊರಿನ ಹಿರಿಯರು ಒಂದು ಸಭೆ ಕರೆದರು. ವಿಷಯ ಬಲ್ಲವರೆಂದು ಅಕ್ಕಾರನ್ನು ವೇದಿಕೆಗೆ ಕರೆದಿದ್ದರು. ಆ ವಾರ ಗಡಿಯಲ್ಲಿ ಎಲ್ಲರ ರಜೆ ರದ್ದಾಗಿತ್ತು. ಸ್ವಪ್ನಿಲನ ಫೋನು ಬಂದಿರಲಿಲ್ಲ. ಅಕ್ಕಾರು ಬಾಯಿ ತೆರೆಯುವ ಮೊದಲೇ ಕಾಕಾ ಎದ್ದು ನಿಂತರು.

“ಅಕ್ಕಾರ, ನಾ ಕಲ್ತಾಂವ ಅಲ್ರಿ. ಒಂದ ಕೇಳ್ತೀನಿ. ನಮ್ಮವ್ವಗ ಗುಂಡ ಬಡದು ಸತ್ತಿದ್ರ ಯುದ್ಧ ಅಂತಿದ್ರಿ. ಕರೆಂಟ ತಗದು ಉಸರ ನಿಲ್ಲಿಸ್ಯಾರ. ಇದಕ್ಕ ಏನಂತೀರಿ?”

ಹಿಂದಿನಿಂದ ಯಾರೋ, “ಅವ್ರೇನ್ ಹೇಳ್ತಾರೋ? ಅವ್ರ ಮಗಾ ಫೌಜಿನಾಗ ಅದಾನ. ಯುದ್ಧ ಬ್ಯಾಡಂತಾರ, ಅಷ್ಟ” ಎಂದು ಗೊಣಗಿದ್ದು ವೇದಿಕೆಯವರೆಗೂ ಕೇಳಿಸಿತು. ನನಗೆ ಎದ್ದುಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಅದೇ ಹೊತ್ತಿಗೆ ಅಕ್ಕಾರು ಏನು ಹೇಳುತ್ತಾರೋ ಎಂದು ನನಗೂ ಅಳುಕಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಹೌದೆಂದರೆ ಮಗನನ್ನು ತಾವೇ ಕಳಿಸಿದಂತೆ, ಇಲ್ಲವೆಂದರೆ ಕಾಕಾನ ಅವ್ವನ ಸಾವಿಗೆ ಬೆಲೆಯೇ ಇಲ್ಲವೆಂದಂತೆ.

ಅಕ್ಕಾರು ಮೈಕನ್ನು ಎರಡೂ ಕೈಯಿಂದ ಹಿಡಿದರು. “ನಾಗಣ್ಣಾರ, ಹೌದ್ರಿ. ಒಂದು ದೇಶ, ಮಂದಿ ಸಾಯ್ತಾರಂತ ಗೊತ್ತಿದ್ದೂ, ಬೇಕಂತ ಹಿಂಗ ಮಾಡಿದ್ರ, ಅದು ಗುಂಡ ಹೊಡದಂಗನ. ನಾ ಅದನ್ನ ಯುದ್ಧ ಅಂತೀನಿ. ನನ್ನ ಮಗಾ ಅಲ್ಲಿ ಅದಾನಂತ ಕಾಯ್ದೆ ಬದಲಾಗೂದಿಲ್ಲ.” ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಮುಂದುವರಿಸಿದರು: “ಆದ್ರ ಯಾವ ದೇಶ, ಅದರ ಸರ್ಕಾರಾನೋ ಯಾರೋ ನಾಕ ಮಂದಿ ಪುಂಡರೋ, ಗೊತ್ತಿದ್ದು ಮಾಡಿದ್ರೋ ಇಲ್ಲೋ, ಇದು ಯಾವ್ದೂ ನಾ ಇನ್ನಾ ನೋಡಿಲ್ಲ. ನೋಡದನ ಬಡಿಗಿ ಎತ್ತಿದ ಮನಿಯಾಕಿ ನಾನು. ನೀವು ನನ್ನ ಸಂಗಟ ನಡೀತೀರೇನ್ರಿ? ನಿಮ್ಮ ಅವ್ವನ ಹಾಸಗಿಯಿಂದ ಸುರು ಮಾಡೋಣು.” ಆಮೇಲೆ ಕುರನೂರ ಕಾಲುವೆಯ ಕಟ್ಟಳೆಯನ್ನು ಸಭೆಗೆ ಹೇಳಿದರು. ಕೆಲವರು ನಕ್ಕರು. ಕಾಕಾ ನಗಲಿಲ್ಲ.

ಮರುದಿನ ಮುಂಜಾನೆಯೇ ಅಕ್ಕಾರು ಬಂದರು. ಮಾಳಿಗೆಗೆ ಹತ್ತಿ ಅಜ್ಜಿಯ ಹಾಸಿಗೆಯ ಬಳಿ ಕುಳಿತು ಚಿಕ್ಕಮ್ಮನ ಕೈ ಹಿಡಿದು ಎಲ್ಲವನ್ನೂ ಕೇಳಿದರು. ಯಂತ್ರ ಯಾವಾಗ ನಿಂತಿತು, ಸಿಲಿಂಡರು ಯಾವ ಕಡೆಯಿಂದ ಬಂತು, ಯಾರು ತಂದರು. ಬಳಿಕ ಅವರು, ಕಾಕಾ, ನಾನು ಮೆಟ್ಟಿಲಿಳಿದು ಓಣಿಯ ಗುಂಟ ನಡೆದೆವು. ಓಣಿಯ ಬಾಯಿಯಲ್ಲಿ ನಮ್ಮ ಪೇಠೆಯ ಹಮಾಲ ಅಮೋಗಸಿದ್ಧ ತನ್ನ ಹಾತಗಾಡಿಗೆ ಒರಗಿ ನಿಂತಿದ್ದ. ಸಿಲಿಂಡರಿನ ಟೆಂಪೊ ಬಂದದ್ದು ಕಂಡೆಯಾ ಎಂದು ಅಕ್ಕಾರು ಕೇಳಿದ್ದಕ್ಕೆ ಅವನು ಕಾಕಾನ ಮುಖ ನೋಡಿ, ನೆಲ ನೋಡಿದ.

“ಬಂದಿತ್ರಿ. ಇಲ್ಲೇ ನಿಂತಿತ್ತು ಭಾಳೊತ್ತು. ಈ ಗಾಡಿಗಿ ಸರಪಳಿ ಇತ್ತಲ್ರಿ. ಡ್ರೈವರ್ ಬಾಯಿ ಬಡ್ಕೊಂಡ, ಯಾರೂ ಬಿಚ್ಚವಲ್ರು. ಕಡೀಕ ನಾನೂ ಅವನೂ ಗಾಡಿ ಮ್ಯಾಲಿಂದ ದಾಟಿಸಿ ಹೊತ್ಕೊಂಡ ಒಯ್ದಿವ್ರಿ.”

“ಯಾಕ ಬಿಚ್ಚಲಿಲ್ಲ? ಕೀಲಿಕೈ ಯಾರ ಕಡಿ ಇತ್ತು?” ಎಂದು ನಾನು ಗದರಿದೆ.

ಕಾಕಾ ಅಂಗಿಯ ಕಿಸೆಗೆ ಕೈಹಾಕಿ ಒಂದು ಕೀಲಿಕೈ ತೆಗೆದು ನೋಡಿದರು. ಅಂದು ಬೀಗ ಜಡಿದವರು ಅವರೇ. ಟೆಂಪೊ ಬರುವುದು ಹಿಂದಿನ ದಾರಿಯಿಂದ ಎಂದು ತಿಳಿದು, ಕೀಲಿಕೈ ಕಿಸೆಯಲ್ಲಿಟ್ಟುಕೊಂಡು ಚೌಕಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕೂಗುತ್ತಿದ್ದರು. “ದುಃಖದಾಗ ಇದ್ರಿ ಸಾವ್ಕಾರ. ಹ್ಯಾಂಗ ಹೇಳ್ಲಿ?” ಎಂದ ಅಮೋಗಸಿದ್ಧನ ಕಣ್ಣಲ್ಲಿ ನೀರು ಬಂತು.

ಕಾಕಾ ಕೀಲಿಕೈ ಹಿಡಿದುಕೊಂಡೇ ಅಲ್ಲಿ ಕುಳಿತುಬಿಟ್ಟರು. “ಹಂಗಂದ್ರ ನಾನ ಕೊಂದೆ. ಯಾವ ದೇಶಾನೂ ಅಲ್ಲ. ನಾನ.”

ಅಲ್ಲಿಗೆ ಅಕ್ಕಾರ ವಾದ ಗೆದ್ದಂತಾಯಿತೆಂದು ನಾನು ಎಣಿಸಿದೆ. ದುಡುಕಿ ವೈರಿಯ ಹೆಸರು ಹೇಳಬೇಡಿ ಎಂದು ಅವರು ಕಲಿಸುತ್ತ ಬಂದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬೇರೆ ಯಾವ ಪಂಡಿತರಾದರೂ ಅಲ್ಲಿಯೇ ನಿಲ್ಲುತ್ತಿದ್ದರು. ಅಕ್ಕಾರು ನೋಯುವ ಮೊಳಕಾಲನ್ನು ಲೆಕ್ಕಿಸದೆ ಕಾಕಾನ ಪಕ್ಕದಲ್ಲಿ, ರಸ್ತೆಯ ಧೂಳಿನಲ್ಲಿ ಕುಳಿತರು. ಅವರ ಬೆನ್ನ ಮೇಲೆ ಕೈಯಿಟ್ಟು ಮೆಲ್ಲನೆ ಹೇಳಿದರು:

“ನಾಗಣ್ಣಾ, ಇಲ್ಲೇ ನಿಲ್ಲಬ್ಯಾಡ್ರಿ. ಇದೊಂದು ಒಡಕು, ಖರೆ. ಆದ್ರ ನಿಮ್ಮ ಸರಪಳಿ ಕರೆಂಟ ತಗದಿಲ್ಲ. ಕೆಳಗಿನ ಒಡಕ ಸಿಕ್ಕಿತಂತ ಮ್ಯಾಲಿನ ಕಳ್ಳನ್ನ ಬಿಡಾಕ ಬರೂದಿಲ್ಲ. ಏಳ್ರಿ. ಕಾಲುವಿ ಇನ್ನಾ ಮ್ಯಾಲ ಅದ.”

ಕಾಕಾ ಎದ್ದರು. ಎದ್ದವರು ಮೊದಲು ಮಾಡಿದ್ದು ಆ ಸರಪಳಿಯನ್ನು ಗಾಡಿಯಿಂದ ಬಿಚ್ಚಿ ಹೆಗಲಿಗೆ ಹಾಕಿಕೊಂಡದ್ದು. ಮೊದಲ ಬುಟ್ಟಿ ಮಣ್ಣು ಬಿತ್ತೆಂದು ಅಕ್ಕಾರು ಬಾಯಿಬಿಟ್ಟು ಹೇಳಲಿಲ್ಲ. ನಾವು ವಿದ್ಯುತ್ ಕಚೇರಿಯವರೆಗೂ ನಡೆದೆವು. ಅಲ್ಲಿಯವರು ಕೂರಿಸಿ, ನೀರು ಕೊಟ್ಟು, ಹೊರಗಿನಿಂದ ನುಗ್ಗಿದ್ದು ನಿಜ, ಎಲ್ಲಿಂದ ಎಂಬುದರ ತನಿಖೆ ನಡೆದಿದೆ, ಅದರ ಜಾಡು ಮೂರನೆಯ ದೇಶದ ಯಾರದೋ ಕಂಪ್ಯೂಟರಿನವರೆಗೆ ಹೋಗಿ ನಿಂತಿದೆ ಎಂದರು. ಅಂದಿಗೆ ನಾವು ತಲುಪಬಹುದಾದ ತೂಬು ಅಷ್ಟೇ. ಹಿಂದಿರುಗುವಾಗ ಕಾಕಾ ಕೇಳಿದ್ದು ಒಂದೇ ಮಾತು, “ಮುಂದಿಂದು ಯಾರ ನಡೀತಾರ?” ಅಕ್ಕಾರು, “ನಾವ ಕೇಳ್ಕೊಂತ ಇರಬೇಕ್ರಿ, ಅಂದ್ರ ಅವ್ರು ನಡೀತಾರ” ಎಂದರು.

ಅವರು ಕೇಳುತ್ತಲೇ ಇದ್ದಾರೆ. ಆ ವರ್ಷ ಬರೆದ ಪ್ರಬಂಧದಲ್ಲಿ ಅವರ ನಿಲುವು ಮೊದಲಿಗಿಂತ ಕಠಿಣವಾಗಿದೆಯೆಂದು ಕೆಲವರು, ಮೃದುವಾಗಿದೆಯೆಂದು ಕೆಲವರು ಹೇಳುತ್ತಾರೆ. ಎರಡೂ ನಿಜ. ಅವರು ಹೇಳುವುದು ಇಷ್ಟು. ಜೀವ ಹೋಗುವಂಥ ಹಾನಿಯಾದರೆ ಅದು ಬಾಂಬಿನಿಂದಾಯಿತೋ ಕೀಲಿಮಣೆಯಿಂದಾಯಿತೋ ಎಂದು ಕಾನೂನು ಭೇದ ಮಾಡಬಾರದು. ಮಾಡಿದವರು ಯಾರೆಂದು ತೋರಿಸಲಾಗದ ಸರ್ಕಾರ ಯುದ್ಧವೆಂಬ ಶಬ್ದವನ್ನು ಬಾಯಿಗೆ ತರಬಾರದು. ತನ್ನ ಮನೆಯ ಒಡಕು ಮುಚ್ಚದ ಸರ್ಕಾರಕ್ಕೆ ಬರೀ ವೈರಿಯನ್ನು ತೋರಿಸಿ ಕೈತೊಳೆದುಕೊಳ್ಳುವ ಹಕ್ಕಿಲ್ಲ. ಇಷ್ಟು ದಿನ ಕಾದು ಕೂತರೆ ವೈರಿ ಸಲಿಗೆ ತೆಗೆದುಕೊಳ್ಳುತ್ತಾನೆಂದು ನಾನು ಇಂದಿಗೂ ಅವರೊಡನೆ ವಾದಿಸುತ್ತೇನೆ. ಅವರು ರೊಟ್ಟಿ ಮುರಿದು ನನ್ನ ಮುಂದಿಡುತ್ತಾರೆ.

ಗಡಿಯ ಬಿಸಿ ಆರಿದ ಮೇಲೆ ಸ್ವಪ್ನಿಲ ರಜೆಗೆ ಬಂದ. ತಿರುಗಿ ಹೊರಟ ದಿನ ಸೊಲ್ಲಾಪುರದ ಸ್ಟೇಶನ್ನಿಗೆ ನಾನೂ ಹೋಗಿದ್ದೆ. ಕಾಕಾ ನನಗಿಂತ ಮೊದಲೇ ಅಲ್ಲಿದ್ದರು, ಕಂಕುಳಲ್ಲಿ ಒಂದು ಹೊಸ ಚಾದರು. ಅದನ್ನು ಬಿಡಿಸಿ ಹುಡುಗನ ಹೆಗಲಿಗೆ ಹೊದಿಸಿದರು. “ನಮ್ಮವ್ವಗಂತ ತಗದಿಟ್ಟಿದ್ದೆ ತಮ್ಮಾ. ಅಲ್ಲಿ ಥಂಡಿ ಭಾಳಂತ. ಯುದ್ಧ ಮಾಡ್ರಿ ಅಂತ ಕೂಗಿದಾಂವ ನಾನು. ಆವತ್ತು ನೀ ಅಲ್ಲಿ ಅದೀ ಅನ್ನೂದು ನನ್ನ ತಲ್ಯಾಗ ಬರಲಿಲ್ಲ ನೋಡು.” ಸ್ವಪ್ನಿಲ ಬಗ್ಗಿ ಕಾಲು ಮುಟ್ಟಿದ. ಸಭೆಯಲ್ಲಿ ನಿಂತು ‘ಹೌದು’ ಎಂದ ತಾಯಿ ಇಲ್ಲಿ ಕಂಬದ ಮರೆಗೆ ಹೋಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಕ್ಕಾರ ಅಭಿನಂದನೆಗೆ ನಮ್ಮ ಪೇಠೆಯೂ ಬರಲಿದೆ. ಎರಡು ವರ್ಷದಿಂದ ನಮ್ಮಲ್ಲಿ ಬಂದ್ ಆದರೂ ಓಣಿಯ ಬಾಯಿಗೆ ಗಾಡಿ ಅಡ್ಡ ಬಿದ್ದಿಲ್ಲ. ಅದನ್ನು ಕಾಯುವವರು ಕಾಕಾ. ನನ್ನ ಮಗಳು ಪ್ರಾಜಕ್ತಾ ಮರಾಠಿ ಸಾಲೆಯವಳು, ಕನ್ನಡ ಅಕ್ಷರ ತಡವರಿಸುತ್ತಾಳೆ. ಇದನ್ನು ಅವಳಿಗೆ ಓದಿ ಹೇಳಿದಾಗ, “ಪಪ್ಪಾ, ಕರೆಂಟ ಕೋಣಿ ತಗದ್ರು, ಕಳಲಂ ಕಾ?” ಎಂದು, ಯಾರು ತೆಗೆದರೆಂದು ತಿಳಿಯಿತೇ ಎಂದು, ತನ್ನ ಬೆರಕೆ ಭಾಷೆಯಲ್ಲಿ ಕೇಳಿದಳು. ಇಲ್ಲ, ಮಗಳೇ, ಇನ್ನೂ ತಿಳಿದಿಲ್ಲ.

ಆದ್ದರಿಂದ ಅಕ್ಕಾರ, ನೂರು ವರ್ಷ ಬಾಳಿರಿ ಎಂದು ನಾನು ಹಾರೈಸುವುದರಲ್ಲಿ ನಮ್ಮ ಸ್ವಾರ್ಥವೂ ಇದೆ. ಕುರ್ಚಿಯಿಂದ ಏಳುತ್ತಿದ್ದೀರಿ, ಸರಿ. ಮನೆಯಲ್ಲಿ ಕೂರುವ ವಿಚಾರ ಮಾತ್ರ ಮಾಡಬೇಡಿ. ಮೊಳಕಾಲು ನೋಯುತ್ತದೆಂದು ನೀವು ನೆವ ಹೇಳುತ್ತೀರೆಂದು ಗೊತ್ತಿದ್ದೇ ಕಾಕಾ ಈ ಲೇಖನದ ಕೊನೆಗೆ ತಮ್ಮದೊಂದು ಮಾತು ಸೇರಿಸಲು ಹೇಳಿದ್ದಾರೆ, ಅವರು ಅಂದಂತೆಯೇ ಬರೆಯುತ್ತಿದ್ದೇನೆ: “ಕೈ ನಾ ಹಿಡೀತೀನಿ, ಏಳ್ರಿ ಅಕ್ಕಾರ. ಕಾಲುವಿ ಇನ್ನಾ ಮ್ಯಾಲ ಅದ.”